ಅಳತೆಯ ತಲೆ

ಮಾಘದ ಚಳಿ ಇನ್ನೂ ಕಾಲು ಕಿತ್ತಿರಲಿಲ್ಲ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿದ ಲಾರಿಗಳು ಒಂದರ ಹಿಂದೊಂದು ಹೋಗುವ ಕಾಲ. ಭಾನುವಾರ ಮುಂಜಾನೆ, ಬಿಸಿಲು ಅಂಗಡಿಯ ಕಟ್ಟೆಗೆ ಬಂದು ಕೂಡುವ ಹೊತ್ತಿಗೆ ಇದು ಸುರುವಾಯಿತು. ರಾಣೆಬೆನ್ನೂರಿನ ಬಜಾರದ ಓಣಿಯಲ್ಲಿ ಮಕ್ತುಮಸಾಬ ತನ್ನ ರುಮಾಲಿನ ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ಚಾದ ಕಪ್ಪು ಬಾಯಿಗೆ ಇಟ್ಟಿದ್ದ ಅಷ್ಟೇ. ಕಂತ್ರಾಟುದಾರ ವಿಜಯಮಹಾಂತೇಶ ಚಪ್ಪಲಿ ಬಿಡದೆ ಒಳಗೆ ಬಂದ. ಅವನ ಹಿಂದೆ ನಾಲ್ವರು. ಆ ನಾಲ್ವರ ಮುಖ ಈ ಸೀಮೆಯವಲ್ಲ.

“ಏನ್ ಸಾಬ್ರ, ನಾಳೆ ಯಾರಿಗೋ ರುಮಾಲ ಕಟ್ಟಾಕ ಹೊಂಟೀರಂತ?”

“ಹೌದ್ರಿ. ಯುನಿವರ್ಸಿಟಿಗೆ ಹೊಸ ಕುಲಪತಿ ಬರ್ತಾರ. ರುದ್ರಮುನಿ ಅಂತ, ಧಾರವಾಡದವ್ರು.”

“ಕಟ್ಟಬ್ಯಾಡ್ರಿ.”

“ಅದು ನನ್ನ ಕೈಯಾಗ ಇಲ್ರಿ ಧಣ್ಯಾರ. ಊರವ್ರ ಪದ್ಧತಿ ಅದು.”

“ಕೈಯಾಗ ಇಲ್ಲ?” ಅಂದ ವಿಜಯಮಹಾಂತೇಶ, ಮುದುಕನ ಎಡಗೈ ಹಿಡಿದು ಹಲಗೆಯ ಮೇಲೆ ಇಟ್ಟ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದ. ಒಣಗಿದ ಜೋಳದ ದಂಟು ಮುರಿದ ಹಾಗೆ ಸಪ್ಪಳ ಬಂತು. ಮಕ್ತುಮಸಾಬನ ಬಾಯಿಂದ ಚಾ ಗಡ್ಡದ ಮೇಲೆಲ್ಲ ಇಳಿಯಿತು.

“ಈಗ ನೋಡ್ರಿ, ಕೈಯಾಗ ಐತೇನು. ಇನ್ನೂ ಒಂಬತ್ತು ಅದಾವ” ಅಂದು ಹೊರಗೆ ಹೋದ.

ಆ ವಿಶ್ವವಿದ್ಯಾಲಯದ ಕಥೆ ಹೀಗೆ. ಮೋಟೆಬೆನ್ನೂರಿನ ಆಚೆ, ಹೆದ್ದಾರಿಗೆ ಹತ್ತಿ ಒಂದು ಕಲ್ಲುಗುಡ್ಡ ಇತ್ತು. ಸುತ್ತಲಿನ ಊರಿನವರು ಗುಡ್ಡದ ಬುಡದ ತಮ್ಮ ಹೊಲಗಳನ್ನು ಬಿಟ್ಟುಕೊಟ್ಟರು, ಸರಕಾರ ಅಲ್ಲಿ ವರದಾ ವಿಶ್ವವಿದ್ಯಾಲಯ ಅಂತ ಕಟ್ಟಿತು. ಹೊಲ ಕೊಟ್ಟ ಹಿರಿಯರು ಒಂದೇ ಒಂದು ಮಾತು ಕೇಳಿಕೊಂಡಿದ್ದರು. ಈ ಕುರ್ಚಿಯ ಮೇಲೆ ಯಾರೇ ಬಂದು ಕೂಡಲಿ, ನಮ್ಮ ಜರಿಯಂಚಿನ ಕೆಂಪು ರುಮಾಲು ತಲೆಗೆ ಏರಿದ ಮೇಲೆ ಕೂಡಬೇಕು. ಆವಾಗ ಅವನು ನಮ್ಮವನು. ಸರಕಾರದ ಕಾಗದ ಏನೇ ಹೇಳಲಿ, ರುಮಾಲು ಏರುವ ತನಕ ಅಲ್ಲಿನ ಜವಾನರು ಕುಲಪತಿಯ ಕೋಣೆಯ ಬಾಗಿಲು ತೆಗೆಯುತ್ತಿರಲಿಲ್ಲ. ಜವಾನರೆಲ್ಲ ಆ ಹೊಲ ಕೊಟ್ಟ ಮನೆಗಳವರೇ.

ಮೊದಲನೆಯ ಕುಲಪತಿಗೆ ಉಬ್ಬಸ. ಜನರ ನಡುವೆ ತಲೆ ಬಿಗಿಸಿಕೊಂಡು ಅರ್ಧ ತಾಸು ಕೂಡುವುದು ಆಗದ ಮಾತು. ಬಾಗಿಲಲ್ಲಿ ನಿಂತಿದ್ದ ಜವಾನ ಹೇಮಪ್ಪನ ತಲೆ ಅವರ ತಲೆಯಷ್ಟೇ ಇದ್ದುದನ್ನು ಮಕ್ತುಮಸಾಬ ಕಣ್ಣಲ್ಲೇ ಅಳೆದ. ಅವನ ತಲೆಗೆ ಕಟ್ಟಿ, ಬಿಗಿ ಕೂತ ಮೇಲೆ ಎರಡೂ ಕೈಯಿಂದ ಎತ್ತಿ ಸಾಹೇಬರ ತಲೆಗೆ ಇಟ್ಟ. ಅದೇ ಪದ್ಧತಿಯಾಯಿತು. ಮುಂದೆ ಬಂದವರಿಗೆಲ್ಲ ಮೊದಲು ಹೇಮಪ್ಪನ ತಲೆಗೆ, ಆಮೇಲೆ ಅವರ ತಲೆಗೆ. ತಲೆ ಸಣ್ಣದಿದ್ದರೆ ಒಳಗೊಂದು ಬಟ್ಟೆಯ ಮಡಿಕೆ ಇಟ್ಟರಾಯಿತು.

ಶಾಂತವಾಗಿ ಹೋದವರು ಆ ಉಬ್ಬಸದ ಸಾಹೇಬರೊಬ್ಬರೇ. ಎರಡನೆಯವರು ನೌಕರಿ ತುಂಬುವಾಗ ಯಾರದೋ ಮಾತು ಕೇಳಲಿಲ್ಲ. ಅವರ ಕಾರಿಗೆ ಬಿದ್ದ ಕಲ್ಲು ಗಾಜು ಒಡೆದು ಒಂದು ಕಣ್ಣು ತೆಗೆದುಕೊಂಡು ಹೋಯಿತು. ಮೂರನೆಯವರನ್ನು ಕೋಣೆಯಿಂದ ಅಂಗಿಯ ಕೊರಳು ಹಿಡಿದು ಎಳೆದು ಮೆಟ್ಟಿಲ ಮೇಲಿಂದ ಉರುಳಿಸಿದರು, ತೊಡೆಯ ಎಲುಬು ಎರಡಾಯಿತು. ನಾಲ್ಕನೆಯವರಿಗೆ, ಹೇಮಪ್ಪ ಪೆಟ್ಟಿಗೆ ಹೊತ್ತು ಕಳಿಸಲು ಹೋಗಿದ್ದಾಗಲೇ, ಹಾವೇರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಬೆನ್ನಿಗೆ ಚಾಕು ಬಿತ್ತು. ಜೀವ ಉಳಿಯಿತು, ಆದರೆ ಆ ಮನುಷ್ಯ ಮತ್ತೆ ಈ ಕಡೆ ಮುಖ ಮಾಡಲಿಲ್ಲ. ಅಲ್ಲಿಂದ ಮುಂದೆ ಪ್ರೊಫೆಸರ್ ಸಿದ್ದಲಿಂಗಪ್ಪ ‘ಪ್ರಭಾರ’ ಅಂತ ಕೂತ. ಕೂತವನು ಏಳಲಿಲ್ಲ. ಅವನಿಗೆ ರುಮಾಲು ಕಟ್ಟಿರಲಿಲ್ಲ, ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ. ಎಲ್ಲ ಕಟ್ಟಡದ ಕೆಲಸವೂ ವಿಜಯಮಹಾಂತೇಶನದಾಯಿತು.

ಈಗ ರುದ್ರಮುನಿಯ ನೇಮಕದ ಆದೇಶ ಬಂದಿತ್ತು. ಸಿದ್ದಲಿಂಗಪ್ಪ ಅದರ ಮೇಲೆ ಕೋರ್ಟಿಗೆ ಹೋಗಿದ್ದ, ಮಂಗಳವಾರ ವಿಚಾರಣೆ. ಸೋಮವಾರ ಸಂಜೆಯೊಳಗೆ ರುದ್ರಮುನಿ ಕುರ್ಚಿಯ ಮೇಲೆ ಕೂತರೆ ಅವನನ್ನು ಏಳಿಸುವುದು ಕಷ್ಟ. ಕೂಡದಿದ್ದರೆ ಸಿದ್ದಲಿಂಗಪ್ಪ ಮುಂದುವರಿಯುತ್ತಾನೆ. ಒಂದು ದಿನ ತಡೆದರೆ ಸಾಕಿತ್ತು ಅವರಿಗೆ.

ಮಧ್ಯಾಹ್ನ ಹೇಮಪ್ಪ ಅಗಡಿಯಿಂದ ಬಸ್ಸು ಹತ್ತಿ ಅಂಗಡಿಗೆ ಬಂದ. ಗೆಳೆಯನ ಬೆರಳು ನೋಡಿ, ಏನೂ ಕೇಳದೆ ಪಕ್ಕದ ಬಡಿಗನ ಹತ್ತಿರ ಒಂದು ಸಣ್ಣ ಪಟ್ಟಿ ತಂದು, ಹಳೆಯ ರುಮಾಲಿನ ಅಂಚು ಹರಿದು ಬೆರಳಿಗೆ ಸುತ್ತಿ ಬಿಗಿದ.

“ಹೋಗಬ್ಯಾಡ ಹೇಮಪ್ಪ ನಾಳೆ. ನಿನ್ನ ಮುಂದ ಹೇಳ್ತೇನಿ, ಈ ಸಲ ಅವ್ರು ಬಿಡೂದಿಲ್ಲ.”

“ಲೇ ಮಕ್ತುಮ, ಈ ತಿಂಗಳ ಕಡೀಕ ನಾ ರಿಟೈರ್. ನಿನ್ನ ಕೈ ಕೆಳಗ ಇನ್ನ ಯಾರ ತಲಿ ಕೊಡ್ತಾರ? ನಿನ್ನ ಗಡ್ಡಕ್ಕ ಕಟ್ಕೋ.”

“ಚ್ಯಾಷ್ಟಿ ಬ್ಯಾಡ.”

“ಚ್ಯಾಷ್ಟಿ ಅಲ್ಲೋ. ನಾಕು ಮಂದೀಗೆ ನನ್ನ ತಲಿ ಮ್ಯಾಲಿಂದ ರುಮಾಲ ಹೋತು. ಮೂವರ ರಕ್ತ ನಾನ ಒರಸೇನಿ, ಈ ಕೈಲೆ. ಮೆಟ್ಟಲ ಮ್ಯಾಲಿಂದು ತೊಳದ್ರ ಹೋಗವಲ್ದು, ಹುಣಸಿಹಣ್ಣ ಹಚ್ಚಿ ತಿಕ್ಕೇನಿ. ಮನ್ನೆ ಆ ಸಿದ್ದಲಿಂಗಪ್ಪ ಚಾ ಆರೇತಿ ಅಂತ ಕಪ್ಪು ನನ್ನ ಮಾರಿಗೆ ಒಗದ. ಒಬ್ಬ, ಒಬ್ಬನರೆ ಆದೇಶ ಇದ್ದಾವ ನೆಟ್ಟಗ ಒಳಗ ಹೋಗಿ ಕುಂತದ್ದ ನೋಡಿ ಮನೀಗೆ ಹೋಗ್ತೇನಿ.”

ಇವನನ್ನು ಮಾತಿನಲ್ಲಿ ಹಿಡಿಯುವುದು ಆಗದು ಅಂತ ಮಕ್ತುಮಸಾಬನಿಗೆ ಗೊತ್ತಿತ್ತು. ಕಡೆಗೆ ಇಬ್ಬರೂ ಹೀಗೆ ಮಾತಾಡಿಕೊಂಡರು. ಗುಡ್ಡದ ಮೇಲೆ ಕಟ್ಟುವುದು ಬೇಡ. ಬ್ಯಾಡಗಿಯಲ್ಲಿ ಪರಿಚಯದ ಶಮಶೇರಸಾಬನ ಮೆಣಸಿನಕಾಯಿ ಗೋದಾಮಿನಲ್ಲಿ ಕಟ್ಟಿ, ರುದ್ರಮುನಿಯನ್ನು ಅಲ್ಲಿಗೇ ಬರಹೇಳಿ ಅಲ್ಲಿಂದ ಕರೆದುಕೊಂಡು ಹೋಗುವುದು.

ಸೋಮವಾರ ಮುಂಜಾನೆ ಮಕ್ತುಮಸಾಬನ ಅಕ್ಕನ ಮಗ ರಫೀಕ್ ಆಟೋ ತಂದ. ಅಗಡಿಯಲ್ಲಿ ಹೇಮಪ್ಪನ ಮನೆಯ ಮುಂದೆ ನಿಲ್ಲಿಸಿದಾಗ ಸೋಮವ್ವ ರೊಟ್ಟಿಯ ಗಂಟು ಕಟ್ಟುತ್ತಿದ್ದಳು. ಗಂಡ ಒಳಗೆ ಅಂಗಿ ಹಾಕಿಕೊಳ್ಳುವಾಗ ಆಕೆ ಹೊರಗೆ ಬಂದು ಮಕ್ತುಮಸಾಬನ ಕೈ ನೋಡಿದಳು.

“ಬೆರಳಿಗೆ ಏನಾತು ಅಣ್ಣಾ?”

“ಬಾಗಲಾಗ ಸಿಕ್ತವ್ವ.”

“ಯಾವ ಬಾಗಲ ಅದು, ಎರಡು ಕಾಲಿಂದು?” ಸೋಮವ್ವ ದನಿ ತಗ್ಗಿಸಿದಳು. “ನಾ ಅಡ್ಡ ಬಂದ್ರ ಈ ಮನಷ್ಯಾ ಕೇಳೂದಿಲ್ಲ. ನಿನ್ನ ಕೈಯಾಗ ಕೊಟ್ಟೇನಿ. ಸಂಜಿಕ ಹೆಂಗ ಕರಕೊಂಡ ಹೋಗೀದಿ ಹಂಗ ತಂದ ಬಿಡು. ನಿಮ್ಮ ಕುಲಪತಿ ಹೊಂಡದಾಗ ಬೀಳವಲ್ನ್ಯಾಕ, ನನಗ ನನ್ನ ಗಂಡ ಬೇಕು.”

“ತಂದ ಬಿಡ್ತೇನಿ ತಂಗಿ” ಅಂದ ಮಕ್ತುಮಸಾಬ.

ಗೋದಾಮಿನ ಒಳಗೆ ಕೆಂಪು ರಾಶಿ ಎದೆಮಟ್ಟ ಇತ್ತು. ಘಾಟಿಗೆ ಕಣ್ಣು, ಮೂಗು ಎಲ್ಲ ನೀರು. ಹೇಮಪ್ಪ ಚೀಲದ ಮೇಲೆ ಕೂತ. ಮಕ್ತುಮಸಾಬ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿ ಕಂಬಕ್ಕೆ ಕಟ್ಟಿ, ಹುರಿ ಹಾಕುತ್ತ ನಿರಿಗೆ ಹಿಡಿಯುತ್ತ ಸುತ್ತಿದ. ಮುರಿದ ಬೆರಳು ಪ್ರತಿ ಸುತ್ತಿಗೂ ಸಿಡಿಯುತ್ತಿತ್ತು. ಹೇಮಪ್ಪನಿಗೆ ಸೀನು ಬಂದು ತಲೆ ಅಲುಗಿತು.

“ಅಲಗಾಡಬ್ಯಾಡಲೇ! ಡೊಂಕ ಆದೀತು.”

“ಮೆಣಸಿನಕಾಯಿಗೆ ಹೇಳು ಅದನ್ನ.”

ರುದ್ರಮುನಿ ಬಂದಾಗ ರುಮಾಲು ಮುಗಿದಿತ್ತು. ಬಿಳಿ ಕಾರು, ಡ್ರೈವರ್ ಇಳಿಯುವ ಮೊದಲೇ ತಾನೇ ಬಾಗಿಲು ತೆಗೆದು ಇಳಿದ. ಐವತ್ತರ ಮೇಲಿನ ವಯಸ್ಸು, ತೆಳ್ಳಗಿನ ಆಳು, ಚಸ್ಮಾದ ಗಾಜು ಬೆವರಿಗೆ ಮಂಜಾಗಿತ್ತು. ಕರವಸ್ತ್ರ ಮೂಗಿಗೆ ಹಿಡಿದು, ಹೇಮಪ್ಪನ ತಲೆಯನ್ನು ಒಂದು ಗಳಿಗೆ ನೋಡಿದ.

“ಇದನ್ನ ಇಲ್ಲೇ ನನ್ನ ತಲೀಗೆ ಇಡಬ್ಯಾಡ್ರಿ. ದಾರ್‍ಯಾಗ ಎಲ್ಲಾರೂ ನೋಡ್ತಾರ. ನಾ ಈ ಆಟೋದಾಗ ಒಳದಾರಿ ಹಿಡದ ಬರ್ತೇನಿ. ನೀವಿಬ್ಬರೂ ನನ್ನ ಕಾರಿನಾಗ ರುಮಾಲ ತಗೊಂಡ ಹೆದ್ದಾರಿ ಮ್ಯಾಲೆ ಬರ್ರಿ. ಒಳಗ ಹೋದ ಮ್ಯಾಲೆ ಇಟ್ಟರಾತು.”

“ಬುಟ್ಟ್ಯಾಗ ಇಡ್ತೇನ್ರಿ ಹಂಗಾದ್ರ” ಅಂದ ಮಕ್ತುಮಸಾಬ.

“ಬುಟ್ಟ್ಯಾಗ ಇಟ್ರ ಆಕಾರ ಕೆಡೂದಿಲ್ಲೇನ್ರಿ? ಅವ್ರ ತಲಿ ಮ್ಯಾಲೇ ಇರಲಿ.”

ಅದು ಖರೇ ಮಾತಾಗಿತ್ತು. ಈಗಷ್ಟೇ ಬಿಗಿದ ರುಮಾಲು ತಲೆಯ ಮೇಲೆ ಇದ್ದಷ್ಟು ಚೆಂದ ಬುಟ್ಟಿಯಲ್ಲಿ ಇರುವುದಿಲ್ಲ. ಕಸುಬಿನ ಮಾತು ಬಂದ ಕೂಡಲೇ ಮಕ್ತುಮಸಾಬ ಹೂಂ ಅಂದ. ಹೇಮಪ್ಪನಿಗೆ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂಡುವ ಖುಷಿ. ಕಾಲು ಚಾಚಿ ಕೂತು, “ಲೇ ಮಕ್ತುಮ, ಮುಂದ ಕುಂದ್ರು. ಸಾಹೇಬ್ರ ಬಾಜೂಕ ಕುಂದ್ರತಾರೇನು?” ಅಂದ.

ಬ್ಯಾಡಗಿ ಪೇಟೆಯಲ್ಲಿ ಗುಟ್ಟು ಅನ್ನುವುದು ಒಂದು ಚಾ ಕುಡಿಯುವಷ್ಟು ಹೊತ್ತು ಉಳಿಯುವುದಿಲ್ಲ. ಗೋದಾಮಿನಲ್ಲಿ ರುಮಾಲು ಕಟ್ಟಿದ ಸುದ್ದಿ ಆಗಲೇ ಗುಡ್ಡಕ್ಕೆ ಹೋಗಿತ್ತು. ಗೇಟಿನಲ್ಲಿ ಬೆಳಗಿನಿಂದ ಕಾಯುತ್ತಿದ್ದ ವಿಜಯಮಹಾಂತೇಶನ ಮಂದಿ ಗೇಟು ಬಿಟ್ಟು ಹೆದ್ದಾರಿಯ ಕ್ರಾಸಿಗೆ ಬಂದರು. ಆ ನಾಲ್ವರಿಗೆ ಅವನು ಹೇಳಿದ್ದು ಇಷ್ಟೇ: ಬಿಳಿ ಕಾರು, ಕೆಂಪು ಜರಿ ರುಮಾಲು.

ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಸೇರುವ ಮೊದಲು ರಸ್ತೆಗೆ ಅಡ್ಡ ಒಂದು ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಬ್ರೇಕ್ ಹಾಕಿದ. ಮೊದಲ ಕಲ್ಲು ಮುಂದಿನ ಗಾಜಿಗೆ, ಎರಡನೆಯದು ಡ್ರೈವರನ ಹೆಗಲಿಗೆ. ಅವನು ಬಾಗಿಲು ತೆಗೆದು ಹೊಲದೊಳಗೆ ಓಡಿದ. ಮಕ್ತುಮಸಾಬ ಹಿಂದಕ್ಕೆ ತಿರುಗಿ, “ರುಮಾಲ ತಗೀಲೇ! ತಲಿ ಮ್ಯಾಲಿಂದ ತಗೀ!” ಅಂತ ಚೀರಿದ. ಹೇಮಪ್ಪ ಎರಡೂ ಕೈ ತಲೆಗೆ ಒಯ್ದ. ಆದರೆ ರುಮಾಲಿಗೆ ಮಣ್ಣು ಹತ್ತೀತು ಅನ್ನುವ ಹಾಗೆ ಅದನ್ನು ಒತ್ತಿ ಹಿಡಿದುಕೊಂಡ. ಹಿಂದಿನ ಬಾಗಿಲು ಕಿತ್ತು ಬಂತು.

ಕಾಲು ಹಿಡಿದು ಹೊರಗೆ ಎಳೆದರು. ಹೇಮಪ್ಪ, “ಅಲ್ರೋ, ನಾ ಅಲ್ರೋ ಯಪ್ಪಾ” ಅಂದದ್ದು ಅವರಿಗೆ ಕೇಳಲಿಲ್ಲ, ಕೇಳಿದರೂ ಎಲ್ಲರೂ ಹಾಗೇ ಅನ್ನುತ್ತಾರೆ. ಒಬ್ಬ ಕಬ್ಬಿಣದ ಸಲಾಕೆಯಿಂದ ಮೊಣಕಾಲಿಗೆ ಹೊಡೆದ. ಮಕ್ತುಮಸಾಬ ಇಳಿದು ಗೆಳೆಯನ ಮೇಲೆ ಬಿದ್ದ, ಮೈಮೇಲೆ ಮೈ ಹಾಸಿದ. ಅವನ ಬೆನ್ನಿಗೆ ಎರಡು ಏಟು ಬಿದ್ದವು, ಮೂರನೆಯದಕ್ಕೆ ಪಕ್ಕೆಲುಬು ಒಳಗೆ ಹೋಯಿತು. ಗಡ್ಡ ಹಿಡಿದು ಎಳೆದು ಪಕ್ಕಕ್ಕೆ ಒಗೆದರು. ಬಿದ್ದಲ್ಲಿಂದಲೇ ಅವನು ಕೊಡಲಿ ನೋಡಿದ. ಕಟ್ಟಿಗೆ ಸೀಳುವ ಸಾದಾ ಕೊಡಲಿ. ಅದು ಮೇಲೆ ಹೋಯಿತು, ರುಮಾಲಿನ ನಡುವೆ ಇಳಿಯಿತು. ಕೆಂಪು ಬಟ್ಟೆಯ ಮೇಲೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಜರಿಯ ಅಂಚು ಕಪ್ಪಾಗುತ್ತ ಬಂತು.

ವಿಜಯಮಹಾಂತೇಶ ಟ್ರ್ಯಾಕ್ಟರಿನ ಹಿಂದಿನಿಂದ ಬಂದ. ಬೂಟಿನ ತುದಿಯಿಂದ ಬಿದ್ದವನ ಮುಖ ತಿರುವಿದ. ನೋಡಿದವನ ಮುಖ ಬೂದಿಯಾಯಿತು.

“ಲೇ, ಇವ ಪ್ಯೂನ್ ಅದಾನಲೇ! ಯಾರ್ನ ಹೊಡದ್ರ್ಯೋ ಭಾಡ್ಯಾಗೋಳ?”

“ನೀವ ಹೇಳಿದ್ರಿ, ರುಮಾಲ ಇದ್ದಾವ ಅಂತ” ಅಂದ ಕೊಡಲಿಯವನು. ಎಲ್ಲರೂ ಟ್ರ್ಯಾಕ್ಟರ್ ಹತ್ತಿ ಓಡಿದರು.

ಮಕ್ತುಮಸಾಬ ನೆಲದ ಮೇಲೆ ತೆವಳಿಕೊಂಡೇ ಹೇಮಪ್ಪನ ಹತ್ತಿರ ಹೋದ. ರುಮಾಲು ಬಿಚ್ಚಲಿಲ್ಲ. ಬಿಚ್ಚಿದರೆ ತಲೆ ನಿಲ್ಲುವುದಿಲ್ಲ ಅಂತ ಕೈಗೆ ಗೊತ್ತಾಗಿತ್ತು. ಸೆರಗು ಎಳೆದು, ಇದ್ದ ಶಕ್ತಿಯಿಂದ ಇನ್ನೂ ಬಿಗಿದ.

ಅದೇ ಹೊತ್ತಿಗೆ ರಫೀಕನ ಆಟೋ ಗುಡ್ಡದ ಗೇಟಿಗೆ ಬಂತು. ಅಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ರುದ್ರಮುನಿ ಇಳಿದು, ಒಳಗೆ ನಡೆದು, ಕುಲಪತಿಯ ಕೋಣೆಗೆ ಬೀಗ ಇದ್ದುದರಿಂದ ಕಚೇರಿಯ ಮೇಜಿನ ಮೇಲೆಯೇ ಅಧಿಕಾರ ವಹಿಸಿಕೊಂಡ ಕಾಗದಕ್ಕೆ ಸಹಿ ಮಾಡಿದ. ಮಂಗಳವಾರ ಕೋರ್ಟು ಸಿದ್ದಲಿಂಗಪ್ಪನ ಅರ್ಜಿ ತಳ್ಳಿತು. ಆ ಸಂಜೆಯೇ ಪೊಲೀಸರು ಅವನನ್ನೂ ವಿಜಯಮಹಾಂತೇಶನನ್ನೂ ನಾಲ್ವರನ್ನೂ ಹಿಡಿದರು.

ಇತ್ತ ಹಾವೇರಿಯ ದವಾಖಾನೆಯಲ್ಲಿ ಸೋಮವಾರ ಸಂಜೆಯಾದರೂ ಹೇಮಪ್ಪ ಕಣ್ಣು ತೆಗೆದಿರಲಿಲ್ಲ. ಸೋಮವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಪಕ್ಕೆಗೆ ಪಟ್ಟಿ ಸುತ್ತಿಕೊಂಡು ಮಕ್ತುಮಸಾಬ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ.

“ಬಾ ಒಳಗ” ಅಂದಳು ಆಕೆ, ತಿರುಗಿ ನೋಡದೆ. “ಸಂಜಿ ಆತು. ತಂದ ಬಿಡ್ತೇನಿ ಅಂದಿದ್ದಿ.”

ಮಕ್ತುಮಸಾಬ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ನಿನಗ ಅನ್ನಾಕತ್ತಿಲ್ಲ. ಮತ್ಯಾರಿಗೆ ಅನ್ಲಿ ಹೇಳು? ಕುಂದ್ರು. ನಿಂತ್ರ ಪಕ್ಕಿ ನೋಯ್ತೈತಿ.”

ಬುಧವಾರ ಹೊತ್ತು ಮೂಡುವಾಗ ಹೇಮಪ್ಪ ತೀರಿಕೊಂಡ. ಅಗಡಿಯ ಮನೆಯ ಪಡಸಾಲೆಯಲ್ಲಿ, ಅವರ ಪದ್ಧತಿಯಂತೆ, ಗೋಡೆಗೆ ಒರಗಿಸಿ ಕೂಡಿಸಿದರು. ವಿಭೂತಿ ಹಚ್ಚಿದರು. ಹೊಲಿಗೆ ಹಾಕಿದ ತಲೆ ಎಲ್ಲರಿಗೂ ಕಾಣುತ್ತಿತ್ತು. ಸತ್ತವನಿಗೆ ರುಮಾಲು ಸುತ್ತುವುದು ರೂಢಿ. ಹೇಮಪ್ಪನ ದೊಡ್ಡಪ್ಪನ ಮಗ ಬಟ್ಟೆ ಹಿಡಿದು ಮುಂದೆ ಬಂದ. ಸೋಮವ್ವ ಅದನ್ನು ಕಸಿದು ಮಕ್ತುಮಸಾಬನ ಕೈಗೆ ಕೊಟ್ಟಳು.

“ಸಾಬ್ರ ಕೈಲೆ ಏನವ್ವ? ಎಲ್ಲೈತಿ ಇಂಥಾ ಪದ್ಧತಿ?” ಅಂದ ದೊಡ್ಡಪ್ಪನ ಮಗ.

“ಜೀವ ಇದ್ದಾಗ ಕಟ್ಟುವಾಗ ನೀ ಎಲ್ಲಿ ಹೋಗಿದ್ದಿ? ಸುಮ್ನ ಆ ಕಡೆ ಸರೀ.”

ಮಕ್ತುಮಸಾಬ ಕಟ್ಟಿದ. ಹೊಲಿಗೆಯ ಮೇಲೆ ಮೊದಲು ಮೆತ್ತನೆಯ ಮಡಿಕೆ ಇಟ್ಟು, ಆಮೇಲೆ ಸುತ್ತು. ನೋವಾದೀತು ಅನ್ನುವ ಹಾಗೆ ಹಗುರ ಕೈಯಿಂದ ಸುತ್ತಿದ. ತಲೆ ಒಂದು ಸಲವೂ ಅಲುಗಲಿಲ್ಲ. ಕಡೆಯ ಸೆರಗು ಸಿಗಿಸಿ ಅವನು ಹಿಂದೆ ಸರಿದ.

ಮಣ್ಣು ಕೊಟ್ಟು ಬರುವಾಗ ಹೊಲದ ಬದುವಿನ ಮೇಲೆ ರುದ್ರಮುನಿ ಕಾಯುತ್ತಿದ್ದ. ಚಸ್ಮಾ ಕೈಯಲ್ಲಿ ಹಿಡಿದಿದ್ದ.

“ಸಾಬ್ರ, ನನ್ನಿಂದ ಏನಾಗಬೇಕು ಹೇಳ್ರಿ. ಆಕೀಗೆ ನೌಕರಿ ಕೊಡಸ್ತೇನಿ.”

“ಒಂದ ಮಾತ ಕೇಳ್ತೇನ್ರಿ. ಅವನ್ನ ನಿಮ್ಮ ಕಾರಿನಾಗ, ರುಮಾಲ ಸಮೇತ ಕುಂದ್ರಸಿದ್ರಿ. ಆಕಾರ ಕೆಡಬಾರದಂತನೋ, ಇಲ್ಲಾ ನೀವ ಅಂತ ಅವ್ರಿಗೆ ಕಾಣಲಿ ಅಂತನೋ?”

ರುದ್ರಮುನಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

“ಕಲ್ಲು ಒಗೀತಾರ ಅಂತ ಗೊತ್ತಿತ್ತು. ಕೊಡ್ಲಿ ತರ್ತಾರಂತ ಗೊತ್ತಿರಲಿಲ್ಲ. ನನಗ ಹೆದರಿಕಿ ಆಗಿತ್ರಿ.”

“ಕಲ್ಲ ಆದ್ರೂ ಅವನ ತಲೀಗೇ ಬೀಳ್ತಿತ್ತಲ್ರಿ.”

“ಹೌದು.”

“ನಿಮಗ ನಾ ರುಮಾಲ ಕಟ್ಟೂದಿಲ್ರಿ ಸಾಹೇಬ್ರ. ಅಳತಿ ತಗೊಳ್ಳಾಕ ತಲಿ ಇಲ್ಲ.” ಇಷ್ಟು ಹೇಳಿ ಮಕ್ತುಮಸಾಬ ಪಕ್ಕೆ ಹಿಡಿದುಕೊಂಡು ನಡೆದ.

ಈ ಮಾತು ಗುಡ್ಡಕ್ಕೆ ಮುಟ್ಟಲು ತಡವಾಗಲಿಲ್ಲ. ಜವಾನರು ಕೋಣೆಯ ಬಾಗಿಲು ತೆಗೆಯಲಿಲ್ಲ. ರುದ್ರಮುನಿ ಬೀಗ ಒಡೆಸಿ ಒಳಗೆ ಕೂತ. ಗಂಟೆ ಒತ್ತಿದರೆ ಯಾರೂ ಬರುವುದಿಲ್ಲ, ನೀರು ತಾನೇ ತುಂಬಿಕೊಳ್ಳಬೇಕು, ಫೈಲು ತಾನೇ ಹೋಗಿ ತರಬೇಕು. ಯಾರೂ ಘೋಷಣೆ ಕೂಗಲಿಲ್ಲ. ಎದುರಿಗೆ ಸಿಕ್ಕರೆ ಎದ್ದು ನಿಲ್ಲುತ್ತಿದ್ದರು, ಮಾತಾಡುತ್ತಿರಲಿಲ್ಲ, ಅಷ್ಟೇ. ಪೊಲೀಸರನ್ನು ಕರೆಸಿದ. ಬಂದ ಫೌಜದಾರ ಎಲ್ಲರನ್ನೂ ನೋಡಿ, “ಯಾರ ಮ್ಯಾಲೆ ಏನಂತ ಬರಕೊಳ್ಳಲ್ರಿ, ಸುಮ್ಮನ ಕುಂತಾರ” ಅಂದು ಹೊರಟುಹೋದ.

ಊರ ಹಿರಿಯರು ಎರಡು ಸಲ ಮಕ್ತುಮಸಾಬನ ಅಂಗಡಿಗೆ ಬಂದು ಹೋದರು. “ಸತ್ತಾವ ಹೋದ, ಸಾಲಿ ನಡೀಬೇಕಲ್ಲೋ” ಅಂದರು. ಅವನು ಚಾ ತರಿಸಿ ಕೊಟ್ಟ, ಬೇರೆಯವನ ಕೈಯಿಂದ ಕಟ್ಟಿಸಿರಿ ಅಂದ. ಬೇರೆಯವರು ಯಾರೂ ಕಟ್ಟಲು ಮುಂದೆ ಬರಲಿಲ್ಲ.

ಶಿವರಾತ್ರಿ ಆಯಿತು. ಒಂದು ಶುಕ್ರವಾರ ಮುಂಜಾನೆ ರುದ್ರಮುನಿ ರಾಜೀನಾಮೆ ಬರೆದು ಮೇಜಿನ ಮೇಲೆ ಇಟ್ಟು, ತನ್ನ ಪೆಟ್ಟಿಗೆ ತಾನೇ ಹೊತ್ತು ಮೆಟ್ಟಿಲು ಇಳಿದ. ಆ ದಿನ ಹೊಲದೊಳಗೆ ಓಡಿದ ಡ್ರೈವರ್ ಮತ್ತೆ ಬಂದಿರಲಿಲ್ಲ. ಒಡೆದ ಗಾಜಿನ ಜಾಗಕ್ಕೆ ಹೊಸದು ಹಾಕಿಸಿದ್ದ ಬಿಳಿ ಕಾರನ್ನು ತಾನೇ ನಡೆಸಿಕೊಂಡು, ಹಾವೇರಿಯ ಮೇಲಿಂದ ಧಾರವಾಡದ ಕಡೆ ಹೋದ.